ನಾನು ಕೊಡದ ಆಯೇರ

ನನ್ನ ಮಾವನವರ ಅರವತ್ತನೆಯ ಹುಟ್ಟುಹಬ್ಬದಂದು ಅತ್ತೆಯ ತವರಿನ ಹೆಸರಿನಲ್ಲಿ ಬಂದ ಸೀರೆ, ಧೋತರ, ರುಮಾಲುಗಳನ್ನು ಕೊಟ್ಟವನು ನಾನಲ್ಲ. ಅಂದಿನ ಊಟದ ಖರ್ಚಿನಲ್ಲಿ ಅರ್ಧವನ್ನು ಹೊತ್ತವನೂ ನಾನಲ್ಲ. ಹೊತ್ತೆನೆಂದು ನಮ್ಮ ಬಳಗವೆಲ್ಲ ಹತ್ತು ವರ್ಷಗಳಿಂದ ನಂಬಿದೆ. ನಂಬಿದ್ದು ಅವರ ತಪ್ಪಲ್ಲ — ನಂಬಲು ಬಿಟ್ಟವನು ನಾನು.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ನಮ್ಮ ಮನೆತನದಲ್ಲಿ ಮೊದಲ ಪದವೀಧರ ನಾನು. ಆದರೆ ಆ ಪದವಿ ಬಂದದ್ದು ಪುಣೆಯ ಪೇಠೆಯೊಂದರ ಹಳೆಯ ವಾಡೆಯೊಳಗಿನ ಅವರ ಎರಡು ಕೋಣೆಗಳಿಂದ. ನನ್ನ ತಂದೆ ಜಮಖಂಡಿಯಲ್ಲಿ ಗವಂಡಿ, ಎಂದರೆ ಗಾರೆ ಕೆಲಸ ಮಾಡುತ್ತಿದ್ದರು. ನಾನು ಶಾಲೆಯಲ್ಲಿದ್ದಾಗಲೇ ತೀರಿಕೊಂಡರು. ಅತ್ತೆ ಬಂದು ನನ್ನನ್ನು ತಮ್ಮೊಡನೆ ಕರೆದೊಯ್ದರು. ಮಾವ ಸಗಟು ಕಿರಾಣಿ ಅಂಗಡಿಯೊಂದರಲ್ಲಿ ಗುಮಾಸ್ತರು. ಕಾಲೇಜಿಗೆ ಹೆಸರು ಹಚ್ಚುವ ದಿನ ಅವರು ಅರ್ಧ ದಿನದ ರಜೆ ಹಾಕಿ, ಮದುವೆಗಳಿಗೆ ಮಾತ್ರ ತೊಡುತ್ತಿದ್ದ ಕೋಟು ತೊಟ್ಟು ನನ್ನ ಜೊತೆ ಸರದಿಯಲ್ಲಿ ನಿಂತರು. ಕಿಟಕಿಯಾಚೆ ಕುಳಿತವರು ಹುಡುಗನ ತಂದೆ ಯಾರೆಂದು ಮರಾಠಿಯಲ್ಲಿ ಕೇಳಿದಾಗ ಮಾವ ಒಂದು ಕ್ಷಣವೂ ತಡೆಯದೆ, “ಮೀಚ್” ಎಂದರು. ನಾನೇ, ಎಂದು.

ಇಂಥವರಿಗೆ ನಾನು ಮಾಡಿದ್ದನ್ನು ಈಗ ಬರೆಯಬೇಕು.

ನಮ್ಮ ಕಡೆ ಗಂಡನಿಗೆ ಅರವತ್ತು ತುಂಬಿದಾಗ ಗಂಡ-ಹೆಂಡತಿ ಇಬ್ಬರನ್ನೂ ಮದುವೆಯ ದಿನದಂತೆಯೇ ಮಣೆಯ ಮೇಲೆ ಕೂಡಿಸಿ ಆರತಿ ಮಾಡುತ್ತಾರೆ. ಅಂದು ಹೆಂಡತಿ ಉಡುವ ಸೀರೆಯೂ ಗಂಡ ಉಡುವ ಧೋತರವೂ ಅವಳ ತವರಿನಿಂದ ಬರಬೇಕು. ಇದೇ ತವರಿನ ಆಯೇರ. ಅಪ್ಪ ಇರಲಿಲ್ಲ. ಅವ್ವ ಕಾಲಿನ ಶಸ್ತ್ರಚಿಕಿತ್ಸೆಯಾಗಿ ಊರಿನಲ್ಲಿ ಮಲಗಿದ್ದಳು. ತಂಗಿ ವಿದ್ಯಾ ಇನ್ನೂ ಶಾಲೆಯ ಹುಡುಗಿ. ಪುಣೆಯಲ್ಲಿ ಅತ್ತೆಯ ತವರು ಎಂದರೆ ನಾನೊಬ್ಬನೇ. ನನಗೆ ಆಗ ತಾನೇ ನೌಕರಿ ಸಿಕ್ಕಿತ್ತು. ಬೇರೆ ಕೋಣೆ ಹಿಡಿದಿದ್ದೆ.

ಮೊದಲು ಮನೆಯಲ್ಲೇ ಆಗಬೇಕಿದ್ದ ಪೂಜೆ ವಾರ ವಾರಕ್ಕೂ ಬೆಳೆಯಿತು. ಅತ್ತೆಯ ಮಗಳು ಸುಮಕ್ಕನಿಗೆ ತನ್ನ ಅತ್ತೆಮನೆಯವರ ಮುಂದೆ ಎಲ್ಲವೂ ಅಂದವಾಗಿ ಆಗಬೇಕೆಂಬ ಆಸೆ — ಅದು ತಪ್ಪೆಂದು ನಾನು ಇಂದೂ ಹೇಳಲಾರೆ. ಮಂಗಲ ಕಾರ್ಯಾಲಯ ಗೊತ್ತಾಯಿತು, ಅಡಿಗೆಯವರು ಗೊತ್ತಾದರು, ಫೋಟೋದವರು ಗೊತ್ತಾದರು. ಖರ್ಚಿನ ಮಾತು ಬಂದಾಗ ಸುಮಕ್ಕ ಎಲ್ಲರೆದುರು ನನ್ನನ್ನು ತೋರಿಸಿ ನಗುತ್ತಲೇ ಹೇಳಿದಳು: “ಇಷ್ಟ ವರ್ಷ ಇಲ್ಲೇ ಉಂಡಾನ. ಒಂದ ದಿವಸ ನಾಕ ಮಂದಿಗೆ ಉಣಿಸಾಕ ಅವಂಗೇನ ಭಾರ ಆಗ್ತದ?”

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಆಯೇರವೂ ನನ್ನದು, ಊಟದ ಅರ್ಧ ಖರ್ಚೂ ನನ್ನದು ಎಂದು ಒಪ್ಪಿಕೊಂಡು ಹೊರಬಿದ್ದೆ.

ನನ್ನಲ್ಲಿ ಹಣವಿರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಪೂರ್ತಿ ಇರಲಿಲ್ಲ, ಆದರೆ ಸೀರೆ ಧೋತರಗಳಿಗೆ ಧಾರಾಳವಾಗಿ ಸಾಕಾಗುವಷ್ಟಿತ್ತು. ಹೆದರಿದ್ದು ಬೇರೆಯದಕ್ಕೆ. ಉಂಡ ಅನ್ನವನ್ನು ಯಾರೋ ಎಣಿಸುತ್ತಿದ್ದಾರೆ, ಇನ್ನು ಜೀವನವಿಡೀ ಎಣಿಸುತ್ತಾರೆ ಎನಿಸಿತು. ಒಮ್ಮೆ ಕೊಟ್ಟರೆ ಕೊಡುತ್ತಲೇ ಇರಬೇಕು ಎನಿಸಿತು. ಸುಮಕ್ಕನ ಒಂದು ನಗೆಯ ಮಾತನ್ನು ಆ ಮನೆಯವರೆಲ್ಲರ ಮಾತೆಂದು ನಾನೇ ತೀರ್ಮಾನಿಸಿದೆ — ಅತ್ತೆ ಆಗ ನಗಲಿಲ್ಲ ಎಂಬುದನ್ನು ನೋಡಿಯೂ.

ಹುಟ್ಟುಹಬ್ಬದ ಹಿಂದಿನ ದಿನ ಅತ್ತೆಗೆ ಫೋನ್ ಮಾಡಿದೆ. ಆಫೀಸಿನವರು ತುರ್ತಾಗಿ ಬಾರಾಮತಿಯ ಹಾಲಿನ ಕಾರ್ಖಾನೆಯೊಂದಕ್ಕೆ ಕಳಿಸುತ್ತಿದ್ದಾರೆ, ಬರಲಾಗುವುದಿಲ್ಲ ಎಂದೆ. ಆಯೇರದ ಮಾತನ್ನು ಎತ್ತಲೇ ಇಲ್ಲ. ಅತ್ತೆ, ಜಪಾಸಿ ಹೋಗಿ ಬಾ, ಹುಷಾರು ಎಂದರು.

ಮರುದಿನ ಬೆಳಿಗ್ಗೆ ಲೋಣಾವಳಾದ ಲೋಕಲ್ ರೈಲು ಹತ್ತಿದೆ. ಪುಣೆಯಲ್ಲಿದ್ದರೆ ಯಾರಾದರೂ ಕಂಡಾರೆಂಬ ಭಯ. ಅದಕ್ಕಿಂತ ದೂರ ಹೋಗಲು ಧೈರ್ಯವೂ ಇಲ್ಲ. ಅಲ್ಲಿ ವಿಪರೀತ ಮಳೆ. ನಿಲ್ದಾಣದ ಹತ್ತಿರದ ಅಂಗಡಿಯೊಂದರ ಛಾವಣಿಯ ಕೆಳಗೆ ದಿನ ಕಳೆದೆ. ಸಂಜೆ ಹಿಂದಿರುಗುವಾಗ ಎಲ್ಲರೂ ಮಾಡುವಂತೆ ಒಂದು ರಟ್ಟಿನ ಡಬ್ಬಿ ಚಿಕ್ಕಿ ಕೊಂಡೆ. ಯೋಚಿಸಿ ಕೊಂಡದ್ದಲ್ಲ, ಲೋಣಾವಳಾದಿಂದ ಚಿಕ್ಕಿ ಇಲ್ಲದೆ ಬರಬಾರದೆಂಬ ರೂಢಿ, ಅಷ್ಟೇ. ಎರಡು ದಿನ ಬಿಟ್ಟು ಅತ್ತೆಯ ಮನೆಗೆ ಹೋದಾಗ ಅದನ್ನೇ ಅವರ ಕೈಗೆ ಕೊಟ್ಟೆ. ಡಬ್ಬಿಯ ಮೇಲೆ ಊರಿನ ಹೆಸರು ದೊಡ್ಡದಾಗಿ ಅಚ್ಚಾಗಿತ್ತು.

ಅತ್ತೆ ಅದನ್ನು ಓದಿದರು. ನನ್ನ ಮುಖ ನೋಡಿದರು.

“ಬಾರಾಮತ್ಯಾಗೂ ಚಿಕ್ಕಿ ಛಲೋ ಸಿಗ್ತಾವ ಕಾಣಸ್ತದ, ತಮ್ಮಾ.”

ಅಷ್ಟೇ. ಒಳಗೆ ಹೋಗಿ ಚಿಕ್ಕಿಯನ್ನು ಸ್ಟೀಲಿನ ಡಬ್ಬಿಗೆ ಸುರಿದು, ಅಚ್ಚಾದ ಡಬ್ಬಿಯನ್ನು ಮಡಚಿ ಕಸದ ಬುಟ್ಟಿಗೆ ಹಾಕಿದರು. ಆ ಹೊತ್ತಿಗೆ ಮಾವ ಕೈಕಾಲು ತೊಳೆದು ಹೊರಗೆ ಬಂದರು. ನನ್ನನ್ನು ಕಂಡೊಡನೆ ಹತ್ತಿರ ಬಂದು ಎರಡೂ ಕೈಗಳಿಂದ ನನ್ನ ಭುಜ ಹಿಡಿದರು.

“ನಿಮ್ಮಪ್ಪ ಇದ್ದಿದ್ರೂ ಇಷ್ಟ ಮಾಡ್ತಿದ್ದನೋ ಇಲ್ಲೋ. ನೀ ಮಾಡಿದಿ. ಅಂಥಾ ಜರಿ ರುಮಾಲು ನಮ್ಮ ಬೀಗರೊಳಗ ಯಾರ ಸುತ್ಯಾರ?”

ನನಗೆ ಅರ್ಥವಾಗಲಿಲ್ಲ. ಮಾವನ ಹಿಂದೆ ನಿಂತಿದ್ದ ಅತ್ತೆ ಕಣ್ಣಿನಲ್ಲೇ ಸುಮ್ಮನಿರು ಎಂದರು. ಆಗ ಹೊಳೆಯಿತು; ಉಳಿದ ವಿವರ ಆಮೇಲೆ ತಿಳಿದದ್ದು. ಓಣಿಯ ಹೆಂಗಸರೊಡನೆ ತಿಂಗಳು ತಿಂಗಳು ಕಟ್ಟುತ್ತಿದ್ದ ಭಿಶಿಯ, ಎಂದರೆ ಚೀಟಿಯ, ಹಣ ಎತ್ತಿ ಅತ್ತೆಯೇ ಸೀರೆ ಧೋತರ ರುಮಾಲು ತಂದಿದ್ದರು. ಅಡಿಗೆಯವರಿಗೂ ನನ್ನ ಹೆಸರಿನಲ್ಲಿ ಅವರೇ ಕೊಟ್ಟಿದ್ದರು. ಬಾರಾಮತಿಗೆ ಹೊರಡುವ ಮುಂಚೆ ಕೊಟ್ಟು ಹೋಗಿದ್ದಾನೆಂದು ಎಲ್ಲರಿಗೂ ಹೇಳಿದ್ದರು.

ಆ ಕ್ಷಣದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೂ ನನ್ನ ಅಪರಾಧ ಅರ್ಧವಾಗುತ್ತಿತ್ತು. ಆದರೆ ಹೇಳಿದೆ — ಸ್ಪಷ್ಟವಾಗಿ, ವಿನಯದಿಂದ: “ಅದರಾಗೇನ ಅದರೀ ಮಾವಾ, ನನ್ನ ಕರ್ತವ್ಯ.”

ನನ್ನ ತಪ್ಪು ಯಾವುದೆಂದು ಯಾರಾದರೂ ಕೇಳಿದರೆ, ಈ ವಾಕ್ಯ ಎನ್ನುತ್ತೇನೆ. ಲೋಣಾವಳಾಕ್ಕೆ ಓಡಿಹೋದದ್ದು ಹೇಡಿತನ. ಇದು ಬೇರೆ. ಇದಕ್ಕೆ ನನ್ನ ಬಳಿ ಸರಿಯಾದ ಪದವಿಲ್ಲ...

ಆಮೇಲೆ ಆ ಕತೆ ನನ್ನ ಕೈಮೀರಿ ಬೆಳೆಯಿತು. ಅವ್ವ ಅದನ್ನು ಹೇಳಿ ಹೇಳಿ ತಂಗಿಯನ್ನು ಬೆಳೆಸಿದಳು. ಬಳಗದ ಕಾರ್ಯಗಳಲ್ಲಿ ನನ್ನ ಮಾತಿಗೆ ಒಂದು ತೂಕ ಬಂತು. ನಾನು ಪ್ರತಿ ಹಬ್ಬಕ್ಕೂ ಅತ್ತೆಗೆ ಏನಾದರೊಂದು ಕೊಡುತ್ತಾ ಬಂದೆ, ತೀರಿತು ಎಂದುಕೊಳ್ಳುತ್ತಾ ಬಂದೆ. ತೀರಲಿಲ್ಲ.

ಈ ವರ್ಷ ಮಾವನವರಿಗೆ ಎಪ್ಪತ್ತು. ಸುಮಕ್ಕ ವಿಮಾನ ನಗರದ ಹೋಟೆಲೊಂದರಲ್ಲಿ ಸಭಾಂಗಣ ನೋಡಿದ್ದಾಳೆ. ವಿದ್ಯಾ ಈಗ ಅದೇ ಭಾಗದ ಆಫೀಸಿನಲ್ಲಿದ್ದಾಳೆ. ಕೆಲಸಕ್ಕೆ ಸೇರಿ ವರ್ಷವೂ ಆಗಿಲ್ಲ. ಸುಮಕ್ಕ ಅವಳಿಗೆ ಫೋನ್ ಮಾಡಿ, ಹತ್ತು ವರ್ಷದ ಹಿಂದೆ ನಿನ್ನ ಅಣ್ಣ ಒಬ್ಬನೇ ಹೊತ್ತ, ಈ ಸಲ ತವರಿನ ಪಾಲಿನಲ್ಲಿ ನೀನೂ ಕೈ ಹಚ್ಚಬೇಕು ಎಂದಿದ್ದಾಳೆ. ವಿದ್ಯಾ ನನ್ನನ್ನು ಕೇಳದೆ ಬ್ಯಾಂಕಿಗೆ ಸಾಲದ ಅರ್ಜಿ ಹಾಕಿದ್ದಳು. ತಿಳಿದು ಬೈದರೆ ಅವಳು ನಕ್ಕಳು.

“ನೀ ಹೊಸಾ ನೌಕರ್ಯಾಗ ಮಾಡಿದಿ. ನಾ ಸಾಲಾ ತಗದರ ಏನಾತು, ಅಣ್ಣಾ?”

ಅವಳಿಗೆ ಅಂದೇ ಎಲ್ಲವನ್ನೂ ಹೇಳಿದೆ. ಅವಳು ಅರ್ಜಿಯನ್ನು ಹಿಂದಕ್ಕೆ ಪಡೆದಳು. ಆದರೆ ಸುಮಕ್ಕನಿಗೂ ಮಾವನಿಗೂ ಹೇಳಬೇಕಿತ್ತು. ಹೇಳಿದರೆ ಅತ್ತೆಯ ಸುಳ್ಳೂ ಹೊರಬೀಳುತ್ತದೆ — ಆದ್ದರಿಂದ ಮೊದಲು ಅವರ ಅನುಮತಿ ಕೇಳಲು ಹೋದೆ. ಅಡಿಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದರು. ನನ್ನ ಮಾನ ಉಳಿಸಿದ್ದಕ್ಕೆ ಒಮ್ಮೆಯೂ ಕೃತಜ್ಞತೆ ಹೇಳಲಿಲ್ಲ ಎಂದು ಶುರು ಮಾಡಿದೆ. ಅವರು ತಡೆದರು.

“ನಿನ್ನ ಮಾನಾ ಉಳಸಾಕ ಅಲ್ಲೋ. ಸೀರಿ ನಾ ಮೊದಲಽ ತಂದಿಟ್ಟಿದ್ದೆ. ಸುಮಾ ಹಂಗ ಅಂದ ದಿವಸನಽ ತಂದೆ. ಮುಂಜಾನೆ ನೀ ಬಂದಕೂಡ್ಲೆ ನಿನ್ನ ಕೈಯಾಗ ಕೊಟ್ಟು, ಎಲ್ಲಾರ ಮುಂದ ನಿನ್ನ ಕೈಲೆ ಇಸಗೋಬೇಕಂತ ಇದ್ದೆ. ನೀ ಬರೇ ಕೈಲೆ ಬಂದ್ರ ಸಾಕಿತ್ತು, ತಮ್ಮಾ. ನನ್ನ ತವರಿನವರಂತ ಒಬ್ಬರರ ಅಲ್ಲಿ ನಿಂತಿರಬೇಕಿತ್ತು. ನಿನ್ನ ಬದಲಿ ಬಾಜೂ ಮನಿ ವಹಿನಿ ಕೊಟ್ಟಳು ಆ ಸೀರಿ.”

ಹುರಿಯುವುದನ್ನು ಅವರು ನಿಲ್ಲಿಸಲಿಲ್ಲ. ಹೇಳು, ಅಷ್ಟೇ ಎಂದರು. ಇಷ್ಟು ವಯಸ್ಸಾದ ಮೇಲೆ ನನಗೇನು ಅಂಜಿಕೆ ಎಂದರು.

ಸುಮಕ್ಕನಿಗೆ ಫೋನಿನಲ್ಲಿ ಹೇಳಿದೆ. ತಾನು ಅಂದು ಆಡಿದ ಮಾತು ಅವಳಿಗೆ ನೆನಪೇ ಇರಲಿಲ್ಲ. ಹೋಟೆಲು ಬೇಡ, ಮನೆಯಲ್ಲೇ ಮಾಡೋಣ ಎಂದು ಮೆಲ್ಲಗೆ ಹೇಳಿ ಫೋನಿಟ್ಟಳು.

ಮಾವನಿಗೆ ಎದುರು ಕುಳಿತು ಹೇಳಿದೆ. ಅವರು ಪೂರ್ತಿ ಕೇಳಿದರು. ಮುಖ ಬೇರೆ ಕಡೆ ತಿರುಗಿಸಿ ಬೀದಿ ನೋಡುತ್ತ ಕುಳಿತರು. ನಾನು ಏಳಬೇಕೋ ಬೇಡವೋ ತಿಳಿಯದೆ ಕುಳಿತೇ ಇದ್ದೆ. ಕೊನೆಗೆ ನನ್ನ ಕಡೆ ನೋಡದೆಯೇ ಕೇಳಿದರು:

“ಕಾರ್ಯಾಲಯದಾಗ ಅಷ್ಟ ಮಂದಿ ಉಂಡು ಹೋದರು. ಅವತ್ತ ನೀ ಉಂಡಿದ್ದೇನು?”

ವಡಾಪಾವ್ ತಿಂದಿದ್ದೆ ಎಂದೆ.

ಅವರು ಕ್ಷಮಿಸಿದ್ದೇನೆ ಎಂದಿಲ್ಲ. ಎನ್ನಲಿ ಎಂದು ನಾನು ಕಾಯುವುದೂ ಸರಿಯಲ್ಲ. ಇಂಥವರ ಮನೆಯಲ್ಲಿ ಬೆಳೆದೆ ಎಂಬುದಕ್ಕೆ ನಾನು ಋಣಿ. ಅವರು ಅನ್ನ ಎಣಿಸುತ್ತಾರೆಂದು ಒಂದು ದಿನವಾದರೂ ಭಾವಿಸಿದೆ ಎಂಬುದು ನನ್ನ ಜೊತೆಗೇ ಇರುತ್ತದೆ. ಎಪ್ಪತ್ತರ ದಿನ ವಿದ್ಯಾಳನ್ನು ಕರೆದುಕೊಂಡು ಎಲ್ಲರಿಗಿಂತ ಮೊದಲು ಹೋಗುತ್ತೇನೆ. ಮಣೆಯ ಹತ್ತಿರ, ಅತ್ತೆಗೆ ಕಾಣುವಂತೆ ನಿಲ್ಲುತ್ತೇನೆ.