ರಸಮಟ್ಟನ ಬ್ರೆಡ್ಡು

ಗಾರೆ ಕೆಲಸದವರ ನಡುವೆ ಅವನಿಗೆ ರಸಮಟ್ಟ ಅಂತಲೇ ಹೆಸರು. ರಸಮಟ್ಟ ಅಂದರೆ ಗಾಜಿನ ಕೊಳವೆಯಲ್ಲಿ ಒಂದಿಷ್ಟು ದ್ರವ, ಅದರಲ್ಲೊಂದು ಗುಳ್ಳೆ ಇರುವ ಪಟ್ಟಿ. ಗುಳ್ಳೆ ನಟ್ಟನಡುವೆ ನಿಂತರೆ ಗೋಡೆ ನೆಟ್ಟಗಿದೆ ಅಂತ ಲೆಕ್ಕ. ಇವನಿಗೆ ಎಷ್ಟೋ ಸಲ ಆ ಪಟ್ಟಿಯೂ ಬೇಕಿರಲಿಲ್ಲ, ಕಣ್ಣಳತೆಯಲ್ಲೇ ಹೇಳಿಬಿಡುತ್ತಿದ್ದ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಬಾಗಿಲ ಚೌಕಟ್ಟು ನೋಡಿ ಮುಖ ಹುಳ್ಳಗೆ ಮಾಡುತ್ತಿದ್ದ. ಅದಕ್ಕೇ ಇರಬೇಕು, ಎರಡನೇ ಸಲ ಕರೆದವರು ಕಡಿಮೆ. ಇಂಥವನು ಮೂವತ್ತೈದು ವರ್ಷ ಗೋಡೆಗೆ ಗಾರೆ ಬಳಿದು, ಐವತ್ತೆಂಟನೇ ವಯಸ್ಸಿನಲ್ಲಿ ಮನೆಯಲ್ಲೇ ಬ್ರೆಡ್ಡು ಮಾಡಲು ಹೊರಟ. ಬಾಯಿ ಚಪಲಕ್ಕಲ್ಲ, ಅಕ್ಕನಿಗೋಸ್ಕರ.

ಅಕ್ಕ ಹಾಸ್ಟೆಲಿನ ಅಡುಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಸೌಟು ಹಿಡಿದವಳು. ಆಲೂಗಡ್ಡೆ ಸುಲಿಯುವವರಿಂದ ಹಿಡಿದು ವಾರ್ಡನ್ ತನಕ ಅವಳ ಬಾಯಿಗೆ ಹೆದರದವರಿಲ್ಲ. ಚಳಿಗಾಲದಲ್ಲಿ ಬಂದ ಒಂದು ಜ್ವರ ವಾಸನೆ ಹಿಡಿಯುವ ಅವಳ ಶಕ್ತಿಯನ್ನೇ ಕಿತ್ತುಕೊಂಡು ಹೋಯಿತು. ಒಬ್ಬಳೇ ಇದ್ದರೆ ಒಲೆಯನ್ನೇ ಹಚ್ಚುವುದಿಲ್ಲ ಅಂತ ತಮ್ಮ ತನ್ನ ಎರಡು ಕೋಣೆಯ ಮನೆಗೆ ಕರೆತಂದ. ಬಂದವಳು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಅವಳ ಕೈಗಡಿಯಾರದ ಪಟ್ಟಿಗೆ ಅವನೇ ಮೊಳೆಯಿಂದ ಎರಡು ಹೊಸ ತೂತು ಹೊಡೆದುಕೊಟ್ಟ. ಅದಕ್ಕಿಂತ ಅವನ ಜೀವ ಹಿಂಡಿದ್ದು ಬೇರೆಯೇ. ಅಕ್ಕ ಯಾವುದಕ್ಕೂ ಕೊಂಕು ತೆಗೆಯುತ್ತಿರಲಿಲ್ಲ. ಒಂದು ದಿನ ಸೂಪು ತಳ ಹಿಡಿದು ಮನೆಯೆಲ್ಲ ಹೊಗೆ. ಅದನ್ನೂ ಒಂದು ಚಮಚ ಕುಡಿದು, "ಚೆನ್ನಾಗಿದೆ ಬಿಡು" ಅಂದಳು. ಅವನು ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದ. ಬೈಯದ ಅಕ್ಕ ಅವನಿಗೆ ಗೊತ್ತೇ ಇರಲಿಲ್ಲ.

ಹನ್ನೊಂದು ವರ್ಷದ ಹಿಂದೆ, ಗೋಡೆಗೆ ನಿಂತು ಕೆಲಸ ಮಾಡಲು ಕಟ್ಟಿದ್ದ ಸಾರುವೆ ಮೇಲಿಂದ ಬಿದ್ದು ಅವನ ಎರಡೂ ಕೈಗೆ ಪ್ಲಾಸ್ಟರ್ ಬಿದ್ದಿತ್ತು. ಊರ ಗೋಡೆಗೆಲ್ಲ ಪ್ಲಾಸ್ಟರ್ ಮಾಡಿದವನಿಗೆ ಈಗ ಅದರ ರುಚಿ ಗೊತ್ತಾಯಿತು ಅಂತ ಜೊತೆಗಾರರು ನಕ್ಕಿದ್ದರು. ನಕ್ಕವರು ಮನೆಗೆ ಹೋದರು. ಅಕ್ಕ ಮಾತ್ರ ನಾಲ್ಕು ತಿಂಗಳು, ದಿನದ ಕೆಲಸ ಮುಗಿಸಿ, ಎರಡು ಬಸ್ಸು ಬದಲಿಸಿ ಬಂದು ಅವನಿಗೆ ಉಣಿಸಿದಳು. "ನಿನ್ನ ಮೀಸೆ ಒರೆಸೋದು ನನ್ನ ಕೆಲಸ ಅಲ್ಲ" ಅಂತ ಗೊಣಗುತ್ತಲೇ ಮೀಸೆ ಒರೆಸುತ್ತಿದ್ದಳು. ಒಂದು ಸಂಜೆಯೂ ತಪ್ಪಿಸಲಿಲ್ಲ. ಅದನ್ನು ತೀರಿಸುವ ಯೋಚನೆ ಅವನಿಗಿರಲಿಲ್ಲ. ಅದು ತೀರುವಂಥದಲ್ಲ ಅಂತ ಗೊತ್ತಿತ್ತು. ಅಕ್ಕ ಹೊಟ್ಟೆ ತುಂಬ ತಿಂದರೆ ಸಾಕು ಅಂದುಕೊಂಡಿದ್ದ.

ದಾರಿ ತೋರಿಸಿದವಳು ಕೆಳಮನೆಯ ನರ್ಸಮ್ಮ. "ಮೂಗು ಕೈ ಕೊಟ್ರೂ ಹಲ್ಲು, ಕಿವಿ ನೆಟ್ಟಗಿದಾವಲ್ಲ? ಕರುಂ ಕರುಂ ಅನ್ನೋ ಅಂಥದ್ದು ಏನಾದ್ರೂ ಕೊಡಿ. ನಾಲಿಗೆನೂ ಪೂರ್ತಿ ಸತ್ತಿರಲ್ಲ" ಅಂದಳು. ಆಮೇಲೆ ಮಾತ್ರೆ ಡಬ್ಬದ ರಟ್ಟಿನ ಹಿಂದೆ ಬರೆದುಕೊಟ್ಟಳು. ಮೂರು ಲೋಟ ಮೈದಾ, ಒಂದೂವರೆ ಲೋಟ ನೀರು, ಒಂದೂವರೆ ಚಮಚ ಉಪ್ಪು, ಚಿಟಿಕೆ ಯೀಸ್ಟು. ಕಲಸಿ ಮುಚ್ಚಿ ಬೆಳಗಿನ ತನಕ ಬಿಡಬೇಕು, ನಾದುವ ಹಾಗಿಲ್ಲ. ಕಾದ ಕಬ್ಬಿಣದ ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ ಓವನ್ನಿನಲ್ಲಿ ಅರ್ಧ ಗಂಟೆ, ಮುಚ್ಚಳ ತೆಗೆದು ಕಾಲು ಗಂಟೆ. ಯಾರದೋ ಅಡುಗೆಮನೆ ಒಡೆದು ಕಟ್ಟುವಾಗ ಎಸೆಯಲಿಟ್ಟಿದ್ದ ಓವನ್ನು ಅವನ ಮನೆಯಲ್ಲಿತ್ತು. ಇಷ್ಟು ದಿನ ಅದರೊಳಗೆ ಕರಣೆ, ಬ್ರಷ್ಷು ಇಡುತ್ತಿದ್ದ.

ಮೊದಲ ಸಲ ಕಲಸಿದ್ದು ನೋಡಿಯೇ ಅವನಿಗೆ ಸಿಟ್ಟು ಬಂತು. ಇಷ್ಟು ನೀರಾದರೆ ಗೋಡೆಗೆ ನಿಲ್ಲುತ್ತದೆಯೇ? ಮತ್ತೆರಡು ಲೋಟ ಹಿಟ್ಟು ಸುರಿದು ಗಟ್ಟಿ ಮಾಡಿದ. ಬೆಂದು ಬಂದದ್ದನ್ನು ಕುಯ್ಯಲು ಗರಗಸ ಹುಡುಕಬೇಕಾಯಿತು. ಅಕ್ಕ ಅದನ್ನೂ ಒಂದಿಷ್ಟು ಕಚ್ಚಿ ನೋಡಿ, "ಪರವಾಗಿಲ್ಲ" ಅಂದಳು.

ಎರಡನೇ ಸಲ ಬರೆದಷ್ಟೇ ನೀರು ಹಾಕಿದ. ಬೆಳಿಗ್ಗೆ ಮುಚ್ಚಿದ ಬಟ್ಟೆ ತೆಗೆದರೆ ಹಿಟ್ಟು ಉಬ್ಬಿ, ಮೈತುಂಬ ಗುಳ್ಳೆ. ಗಾರೆಯವನ ಕಣ್ಣಿಗೆ ಗುಳ್ಳೆ ಅಂದರೆ ಕೆಟ್ಟ ಕೆಲಸ. ಜೀವನವಿಡೀ ಒಂದು ಗುಳ್ಳೆಯನ್ನು ನಂಬಿ ಅನ್ನ ತಿಂದವನು ಈ ಪಾಪದ ಗುಳ್ಳೆಗಳ ಮೇಲೆ ಕರುಣೆ ತೋರಬಹುದಿತ್ತು, ತೋರಲಿಲ್ಲ. ಅಂಗೈ ಒದ್ದೆ ಮಾಡಿಕೊಂಡು ಒಂದೊಂದನ್ನೂ ಒತ್ತಿ ಒಡೆದು, ಮರದ ಹಲಗೆಯಿಂದ ಮೇಲ್ಮೈ ತೀಡಿದ. ಬೆಂದ ಮೇಲೆ ಅದರ ಮೇಲೆ ರಸಮಟ್ಟ ಇಟ್ಟು ನೋಡಿದ್ದು ಸುಳ್ಳಲ್ಲ. ಕೂದಲೆಳೆಯಷ್ಟೂ ಓರೆ ಇರಲಿಲ್ಲ. ತಿನ್ನಲಿಕ್ಕಂತೂ ಆಗಲಿಲ್ಲ.

ನರ್ಸಮ್ಮ ಬಂದು ಬ್ರೆಡ್ಡನ್ನು ಬೆರಳಿಂದ ಬಡಿದಳು. "ಗುಳ್ಳೆ ಎಲ್ಲಿ ಹೋದ್ವು?"

"ತೆಗೆದೆ."

"ಯಾಕೆ ತೆಗೆದ್ರಿ?"

"ಗುಳ್ಳೆ ಬಿಟ್ರೆ ನಾಳೆ ಬಿರುಕು ಬರುತ್ತಲ್ಲಮ್ಮ."

"ಬರ್ಲಿ ಬಿಡಿ. ಬಿರುಕು ಬರ್ಲಿ ಅಂತಾನೇ ಮಾಡೋದು ಇದನ್ನ."

ಅವನು ಪೆಚ್ಚಾಗಿ ಅಕ್ಕನ ಕಡೆ ನೋಡಿದ. ಅಕ್ಕನ ತುಟಿಯ ಅಂಚು ಸ್ವಲ್ಪ ಅಲುಗಿದ ಹಾಗಿತ್ತು.

ಮಾರನೇ ಸಂಜೆ ಅವನು ಮೂರನೇ ಸಲ ಕಲಸಿದ. ಈ ಸಲ ಹಾಳಾದರೆ ಅಕ್ಕ ತಿನ್ನುವಂಥದ್ದು ಇನ್ನೇನಿದೆ ಅಂತ ಅವನಿಗೆ ಹೊಳೆಯುತ್ತಿರಲಿಲ್ಲ. ಎಲ್ಲವನ್ನೂ ಮೊದಲೇ ಬೇರೆ ಬೇರೆ ಬಟ್ಟಲಲ್ಲಿ ಅಳೆದಿಟ್ಟುಕೊಂಡ, ಲೋಟದ ನೀರಿನ ಮಟ್ಟವನ್ನು ಬಗ್ಗಿ ಬಗ್ಗಿ ನೋಡಿದ. ಬೆಳಿಗ್ಗೆ ಮತ್ತೆ ಗುಳ್ಳೆ ಎದ್ದಿತ್ತು, ಅವನ ಕೈ ಮತ್ತೆ ಕಡಿಯಿತು. ಅಷ್ಟರಲ್ಲಿ ಅಕ್ಕ ತಾನಾಗಿ ಎದ್ದು ಬಂದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಸೌಟು ಕೈಗೆತ್ತಿಕೊಂಡಳು. "ಕೈ ಹಿಂದೆ ಕಟ್ಕೋ. ಮುಟ್ಟಿದ್ರೆ ಗೆಣ್ಣಿಗೆ ಹೊಡೀತೀನಿ."

ಹಿಟ್ಟನ್ನು ಪಾತ್ರೆಗೆ ಜಾರಿಸುವಾಗ ಮಾತ್ರ ಅವನ ಕೈ ಬಿಡಿಸಿದಳು. ಮುಕ್ಕಾಲು ಗಂಟೆ ಇಬ್ಬರೂ ಓವನ್ನಿನ ಮುಂದೆ ಕೂತರು. ಹೊರತೆಗೆದ ಬ್ರೆಡ್ಡು ಒಂದು ಕಡೆ ಗೂನು, ಇನ್ನೊಂದು ಕಡೆ ತಗ್ಗು, ನಡುವೆ ಅಡ್ಡಾದಿಡ್ಡಿ ಬಿರುಕು. ಇಂಥ ಗೋಡೆ ಕಟ್ಟಿದ್ದರೆ ಅವನು ಊರು ಬಿಡುತ್ತಿದ್ದ. ಆರುತ್ತ ಆರುತ್ತ ಅದು ಚಿಟಿಚಿಟಿ ಸದ್ದು ಮಾಡತೊಡಗಿತು. ಅಕ್ಕ ಬಗ್ಗಿ ಕಿವಿ ಕೊಟ್ಟಳು. "ಮಾತಾಡ್ತಾ ಇದೆ ಕಣೋ" ಅಂದಳು.

ಆರುವ ತನಕ ಕಾದು ಕುಯ್ದರು. ಅಂಚಿನ ತುಂಡು ಅವಳ ಹಲ್ಲಿಗೆ ಸಿಕ್ಕ ಸದ್ದು ಅವನಿಗೂ ಕೇಳಿಸಿತು. ಅವಳು ಅಗಿದಳು, ನುಂಗಿದಳು. ಎರಡನೇ ತುಂಡು ತೆಗೆದುಕೊಂಡಳು. ಅರ್ಧ ತಿಂದವಳು ಅಗಿಯುವುದನ್ನು ನಿಲ್ಲಿಸಿ ಹುಬ್ಬು ಗಂಟಿಕ್ಕಿದಳು.

"ಲೋ, ಇದಕ್ಕೆ ಉಪ್ಪು ಹಾಕಿದ್ಯಾ?"

ಅವನು ಕಿಟಕಿ ಕಟ್ಟೆ ಕಡೆ ತಿರುಗಿ ನೋಡಿದ. ಅಳೆದಿಟ್ಟ ಉಪ್ಪು ಬಟ್ಟಲಲ್ಲಿ ಹಾಗೇ ಕೂತಿತ್ತು.

"ಸಪ್ಪೆ. ಶುದ್ಧ ಸಪ್ಪೆ. ಮೂವತ್ತೈದು ವರ್ಷದಲ್ಲಿ ಸಿಮೆಂಟಿಗೆ ಮರಳು ಹಾಕೋದು ಒಂದು ದಿನ ಮರೆತೋನಲ್ಲ, ಹಿಟ್ಟಿಗೆ ಉಪ್ಪು ಮರೆತ್ಯಾ? ಹಾಸ್ಟೆಲಲ್ಲಿ ನನ್ನ ಕೈಕೆಳಗಿದ್ದಿದ್ರೆ ಅವತ್ತೇ ಗೇಟು ತೋರಿಸ್ತಿದ್ದೆ. ತಾ ಇಲ್ಲಿ ಆ ಬಟ್ಟಲು. ನಾಳೇದು ನಾನೇ ಕಲಸ್ತೀನಿ, ನೀನು ಈ ಕಡೆ ತಲೆ ಹಾಕ್ಬೇಡ." ಬೈಯುತ್ತಲೇ ಮೂರನೇ ತುಂಡಿಗೆ ಉಪ್ಪು ಉದುರಿಸಿಕೊಂಡಳು.

ವಾಸನೆ ಅವಳಿಗೆ ಆ ದಿನವೂ ಬರಲಿಲ್ಲ. ಆದರೂ ರಸಮಟ್ಟನಿಗೆ ನರ್ಸಮ್ಮನ ಕಾಲಿಗೆ, ಆ ಹಳೇ ಓವನ್ನಿನ ಕಾಲಿಗೆ, ಉಪ್ಪು ಮರೆಸಿದ ತನ್ನ ದಡ್ಡ ತಲೆಗೆ ಕೂಡ ನಮಸ್ಕಾರ ಹಾಕಬೇಕು ಅನ್ನಿಸಿತು. ಕಣ್ಣು ತುಂಬಿ ಬಂದದ್ದು ಕಾಣದಿರಲಿ ಅಂತ ಗೋಡೆ ಕಡೆ ತಿರುಗಿ ನಿಂತ.

"ಗೋಡೆ ಏನು ನೋಡ್ತಾ ಇದೀಯ? ಸೊಟ್ಟ ಇದೆಯಾ?"

"ಇಲ್ಲ ಅಕ್ಕ, ನೆಟ್ಟಗಿದೆ" ಅಂದ. "ನೀನು ಬೈತಾ ಇರು."