ಕೆಂಡಕ್ಕೆ ಕಟ್ಟಿದ ದುಬಾರಿ ಫ್ಯಾನು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬಸ್ ಡಿಪೋದ ಗೇಟಿನ ಪಕ್ಕದ ತಳ್ಳುಗಾಡಿಯಲ್ಲಿ ಇದ್ದಿಲು ಆಗಷ್ಟೇ ಹೊತ್ತಿಕೊಳ್ಳುತ್ತಿದೆ. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬರು ಮೂಟೆಯಿಂದ ಒಂದೊಂದೇ ಜೋಳದ ತೆನೆ ತೆಗೆದು, ಕಾಳಿಗೆ ಉಗುರು ಒತ್ತಿ, ಹಾಲು ಚಿಮ್ಮಿದರೆ ಎಡಕ್ಕೆ, ಚಿಮ್ಮದಿದ್ದರೆ ಬಲಕ್ಕೆ ಹಾಕುತ್ತಿದ್ದಾರೆ. ರಾತ್ರಿ ಪಾಳಿ ಮುಗಿಸಿದ ಡ್ರೈವರುಗಳು ಆಕಳಿಸುತ್ತ ಬಂದು ನಿಲ್ಲುತ್ತಾರೆ. "ಜೋಳದಕ್ಕಾ, ಎಳೇದೊಂದು ಕೊಡಿ. ನನ್ನ ಹಲ್ಲಿನ ಮೇಲೆ ಸ್ವಲ್ಪ ಕರುಣೆ ಇರ್ಲಿ," ಎನ್ನುತ್ತಾರೆ ಒಬ್ಬರು. "ಹಲ್ಲಿದ್ರೆ ತಾನೇ ಕರುಣೆ ತೋರ್ಸೋದು," ಎನ್ನುತ್ತಾರೆ ಅಕ್ಕ, ತಲೆ ಎತ್ತದೆ.

ಅಷ್ಟರಲ್ಲಿ ವಾಚ್‌ಮನ್ ಸಮವಸ್ತ್ರ ತೊಟ್ಟ, ಅರವತ್ತರ ಆಸುಪಾಸಿನ ಒಬ್ಬರು ಗಾಡಿಯ ಹತ್ತಿರ ಬರುತ್ತಾರೆ. ಅವರು ಜೋಳ ಕೇಳುವುದಿಲ್ಲ. ಅಕ್ಕ ಮೊಳೆಗೆ ಸಿಕ್ಕಿಸಿದ್ದ ಬೀಗದ ಕೈ ತೆಗೆದು ಕೊಡುತ್ತಾರೆ.

"ಊಟ ಮುಚ್ಚಿಟ್ಟಿದ್ದೀನಿ."

"ಹೂಂ."

"ನೀರು ಬೇಗ ನಿಂತೋಗುತ್ತೆ. ಮೊದ್ಲು ಸ್ನಾನ ಮಾಡ್ಬಿಡಿ."

"ಹೂಂ."

ಅವರು ಹೊರಟುಹೋಗುತ್ತಾರೆ. ಯಾರೆಂದು ನಾನು ಕಣ್ಣಲ್ಲೇ ಕೇಳುತ್ತೇನೆ. "ನಮ್ಮನೆಯವರು," ಎಂದಷ್ಟೇ ಹೇಳಿ ಅಕ್ಕ ಕೆಂಡ ಕೆದಕುತ್ತಾರೆ.

ನಿಜ ಹೇಳಬೇಕೆಂದರೆ ನಾನು ಇವರನ್ನು ಹುಡುಕಿಕೊಂಡು ಬಂದವನೇ ಅಲ್ಲ. ಬೇಸಿಗೆ ಬಂತಲ್ಲ, ನಮ್ಮ ಪುರವಣಿಯ ಸಂಪಾದಕರ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು: ಕೈಯಲ್ಲಿ ಹಿಡಿದು ಓಡಾಡುವ ದುಬಾರಿ ಫ್ಯಾನು ಇದೆಯಲ್ಲ, ಅದನ್ನು ಕೊಳ್ಳಬಹುದೋ ಬೇಡವೋ, ಓದುಗರಿಗೆ ಹೇಳಿ. ಪರೀಕ್ಷೆ ಮಾಡಲು ನನಗೂ ಒಂದನ್ನು ಕೊಟ್ಟರು. ಲೋಹದ ಮೈ, ಎಷ್ಟು ಚಾರ್ಜ್ ಉಳಿದಿದೆ ಎಂದು ತೋರಿಸುವ ಪುಟ್ಟ ಪರದೆ, ತಿರುಗಿಸಿದಷ್ಟೂ ಏರುವ ವೇಗ, ಇಟ್ಟುಕೊಳ್ಳಲು ಮೆತ್ತನೆಯ ಚೀಲ. ವಾರವಿಡೀ ಅದನ್ನು ಮುಖಕ್ಕೆ ಹಿಡಿದು ಊರು ಸುತ್ತಿದೆ. ನೆರಳಿನಲ್ಲಿ ಪರಮಸುಖ. ಬಿಸಿಲಿಗೆ ಕಾಲಿಟ್ಟರೆ ಅದೇ ಬಿಸಿಲನ್ನು ಮೂಗಿಗೆ ಊದುವ ಉಪಕಾರ. ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿಕೊಂಡರೆ ಮಾತ್ರ ತಂಪು. ಹಾಗಾದರೆ ಕೆಲಸ ಮಾಡಿದ್ದು ಬಟ್ಟೆಯೋ ಫ್ಯಾನೋ, ದೇವರೇ ಬಲ್ಲ.

ಹೀಗೆ ಫ್ಯಾನು ಹಿಡಿದು ಮೆರೆಯುತ್ತ ಒಂದು ಸಂಜೆ ಡಿಪೋ ಮುಂದೆ ಜೋಳಕ್ಕೆಂದು ನಿಂತೆ. ನೋಡಿದರೆ ನನ್ನ ಕೈಯಲ್ಲಿರುವ ಫ್ಯಾನೇ ಗಾಡಿಯ ಒಲೆಯಲ್ಲೂ ಇದೆ! ಬಣ್ಣ ಸುಲಿದು, ಮೈಯೆಲ್ಲ ಮಸಿ ಮೆತ್ತಿಕೊಂಡು, ಇಟ್ಟಿಗೆಯೊಂದಕ್ಕೆ ತಂತಿಯಲ್ಲಿ ಬಿಗಿಸಿಕೊಂಡು, ಕೆಂಡಕ್ಕೆ ಗಾಳಿ ಹಾಕುತ್ತಿದೆ. ಎರಡೂ ಒಂದೇ ತಾಯಿಯ ಮಕ್ಕಳು, ಹಣೆಬರಹ ಮಾತ್ರ ಬೇರೆ. "ಇದನ್ನ ಇಲ್ಲಿ ಕಟ್ಟಿದ್ದು ಯಾರಕ್ಕಾ?" ಎಂದು ನಗುತ್ತಲೇ ಕೇಳಿದೆ. "ನಾನೇ. ಬುದ್ಧಿ ಇಲ್ದೋಳು," ಎಂದರು. ಅವರು ನಗಲಿಲ್ಲ. ಆ ಮಾತು ಮನೆಗೆ ಹೋದರೂ ನನ್ನನ್ನು ಬಿಡಲಿಲ್ಲ, ಅದಕ್ಕೇ ಇವತ್ತು ಕೋಳಿ ಕೂಗುವ ಹೊತ್ತಿಗೆ ಇಲ್ಲಿ ಬಂದು ನಿಂತಿದ್ದೇನೆ.

ಈ ಗಾಡಿಗೆ ಇಪ್ಪತ್ತು ವರ್ಷ ದಾಟಿದೆ. ಅದಕ್ಕೂ ಮುಂಚೆ ಅಕ್ಕನ ಗಂಡ ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಒಂದು ದಿನ ಬೆನ್ನು ಹಿಡಿದುಕೊಂಡದ್ದು ಮತ್ತೆ ಬಿಡಲೇ ಇಲ್ಲ. ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಆಗ ಇಬ್ಬರೂ ಸೇರಿ ಗಾಡಿ ಹಾಕಿದರು. ತೆನೆ ಆರಿಸುವುದು, ಸುಲಿಯುವುದು, ಕೆಂಡದ ಮೇಲೆ ತಿರುವುವುದು, ಉಪ್ಪು ನಿಂಬೆ ಉಜ್ಜಿ ಕೊಡುವುದು, ಚಿಲ್ಲರೆಗೆ ಜಗಳ ಆಡುವುದು ಎಲ್ಲ ಹೆಂಡತಿ. ಪಕ್ಕದಲ್ಲಿ ನೆಟ್ಟಗೆ ನಿಂತು, ಬೀಸಣಿಗೆ ಹಿಡಿದು ಕೆಂಡಕ್ಕೆ ಬೀಸುವುದು ಗಂಡ. ಮುಂಜಾನೆ ಅರವತ್ತು ಎಪ್ಪತ್ತು ತೆನೆ ಹೋಗುತ್ತವೆ, ಸಂಜೆ ಅದರ ಎರಡರಷ್ಟು. ಮಳೆಗಾಲದಲ್ಲಿ ಇದ್ದಿಲು ತೇವ ಹಿಡಿದು ಕಣ್ಣೀರು ತರಿಸುತ್ತದೆ, ಬೇಸಿಗೆಯಲ್ಲಿ ಮೇಲಿನ ತಗಡಿನ ಚಾವಣಿಯೂ ಒಲೆಯಾಗುತ್ತದೆ. ಒಬ್ಬಳೇ ಮಗಳನ್ನು ಇದೇ ಕೆಂಡದ ಮೇಲೆ ಓದಿಸಿ, ಮದುವೆ ಮಾಡಿ ಕಳಿಸಿದ್ದಾರೆ.

"ಬೀಸೋದೇನು ಮಹಾ ಅಂದ್ಕೋತಾರೆ ಜನ," ಎನ್ನುತ್ತಾರೆ ಅಕ್ಕ, ತೆನೆ ತಿರುವುತ್ತ. "ಜೋರಾಗಿ ಬೀಸಿದ್ರೆ ಬೂದಿ ಹಾರಿ ಕಾಳಿನ ಮೇಲೆ ಕೂತ್ಕೊಳ್ಳುತ್ತೆ. ಮೆತ್ತಗೆ ಬೀಸಿದ್ರೆ ಕೆಂಡ ಮುಖ ಮುಚ್ಕೊಳ್ಳುತ್ತೆ. ಇವ್ರು ಒಂದಿನಾನೂ ಒಬ್ಬರ ಅಂಗಿಗೆ ಕಿಡಿ ಹಾರ್ಸಿದವ್ರಲ್ಲ."

ಮೂರು ಬೇಸಿಗೆಯ ಹಿಂದೆ, ಸಂಜೆಯ ವ್ಯಾಪಾರಕ್ಕೆ ಒಲೆ ಹಚ್ಚಿ ನಿಂತಿದ್ದಾಗ ಅಕ್ಕ ಕಣ್ಣಿಗೆ ಕತ್ತಲೆ ಕವಿದು ಗಾಡಿಯ ಪಕ್ಕವೇ ಕುಸಿದುಬಿದ್ದರು. ಡ್ರೈವರುಗಳು ನೀರು ಚಿಮುಕಿಸಿ, ನೆರಳಿಗೆ ಒಯ್ದು ಕೂರಿಸಿದರು. ಮರುದಿನ ವ್ಯಾಪಾರದ ಹೊತ್ತಿನಲ್ಲೇ ಗಂಡ ನಾಪತ್ತೆ. ಅಕ್ಕ ಒಬ್ಬರೇ ಒಂದು ಕೈಯಲ್ಲಿ ತಿರುವುತ್ತ, ಇನ್ನೊಂದರಲ್ಲಿ ಬೀಸುತ್ತ, ಬಾಯಿಗೆ ಬಂದಂತೆ ಬೈಯುತ್ತಿದ್ದಾಗ ಅವರು ಡಬ್ಬಿಯೊಂದನ್ನು ಹಿಡಿದು ಬಂದರು.

"ಒಡವೆ ತಂದವ್ರ ಹಾಗೆ ಎರಡು ಕೈಲಿ ಹಿಡ್ಕೊಂಡು ಬಂದ್ರು. ಅಂಗಡಿಯವ್ನು ಕಮ್ಮಿ ಬೆಲೇದು ತೋರ್ಸಿದ್ನಂತೆ. 'ಬೇಡಪ್ಪ, ಇರೋದ್ರಲ್ಲಿ ಒಳ್ಳೇದು ಕೊಡು, ಅವಳು ಬೆಂಕಿ ಮುಂದೆ ನಿಲ್ಲೋಳು' ಅಂದ್ರಂತೆ. ನನ್ನ ಕೈಗೆ ಕೊಟ್ಟು, 'ಬೆಂಕಿಗೆ ನಾನಿದ್ದೀನಿ, ನಿನಗೆ ಇದಿರ್ಲಿ' ಅಂದ್ರು." ಅಕ್ಕ ಇಕ್ಕಳ ಕೆಳಗಿಡುತ್ತಾರೆ. "ಮುಖಕ್ಕೆ ಹಿಡಿದ್ರು. ಕಣ್ಣು ಮುಚ್ಕೊಂಡೆ. ಸುಳ್ಳು ಯಾಕೆ ಹೇಳ್ಲಿ, ಅಪ್ಪಾ ದೇವರೇ ಅನ್ನಿಸ್ತು. ಆದ್ರೆ ಒಂದು ಕೈಲಿ ತೆನೆ, ಒಂದು ಕೈಲಿ ಇಕ್ಕಳ. ಇದನ್ನ ಹಿಡ್ಕೊಳ್ಳೋಕೆ ಮೂರನೇ ಕೈ ಎಲ್ಲಿಂದ ತರ್ಲಿ ಹೇಳಿ? ಗಾಡಿ ಮೇಲೆ ನಿಲ್ಸಿದ್ರೆ ಒಲೆ ಬಿಸೀನೇ ಎಳ್ಕೊಂಡು ಮುಖಕ್ಕೆ ಬಿಡ್ತಿತ್ತು."

ಅಲ್ಲಿಗೆ ಫ್ಯಾನು ಚೀಲದೊಳಗೆ ಮಲಗಬೇಕಿತ್ತು. ಆದರೆ ಅಕ್ಕನದು ಸುಮ್ಮನೆ ಬಿದ್ದಿರುವ ವಸ್ತುವನ್ನು ಕಂಡರೆ ಮೈ ಉರಿಯುವ ಜಾತಿ. ಒಂದು ಸಂಜೆ ಎರಡು ಬಸ್ಸಿನ ಜನ ಒಟ್ಟಿಗೆ ಇಳಿದು ಗಾಡಿಗೆ ಮುತ್ತಿಗೆ ಹಾಕಿದರು. ಕೆಂಡ ಏಳುತ್ತಿಲ್ಲ, ಜನ ಅವಸರ ಮಾಡುತ್ತಿದ್ದಾರೆ. ಅಕ್ಕ ಫ್ಯಾನು ತೆಗೆದು, ಪೂರ್ತಿ ವೇಗಕ್ಕೆ ತಿರುಗಿಸಿ, ಕೆಂಡದ ಕಡೆ ಹಿಡಿದರು. ಕೆಂಡ ಭಗ್ಗೆಂದು ಎದ್ದಿತು. ಜನ ಓಹೋ ಎಂದರು. ಆಗ ಅಕ್ಕ, ಎಲ್ಲರಿಗೂ ಕೇಳುವ ಹಾಗೆ, ಗಂಡನಿಗೆ ಹೇಳಿದರು: "ನೋಡಿದ್ರೇನ್ರೀ, ನಿಮಗಿಂತ ಇದೇ ಚೆನ್ನಾಗಿ ಬೀಸುತ್ತೆ! ನೀವಿನ್ನು ಮನೇಲಿ ಕಾಲು ಚಾಚ್ಕೊಂಡು ಮಲ್ಕೋಬಹುದು!"

ಎಲ್ಲರೂ ನಕ್ಕರು. ಗಂಡ ಎಲ್ಲರಿಗಿಂತ ಜೋರಾಗಿ ನಕ್ಕರು. ನಗುತ್ತಲೇ ಬೀಸಣಿಗೆಯನ್ನು ಗಾಡಿಯ ಕೆಳಗಿಟ್ಟರು. ತಿಂಗಳು ತುಂಬುವುದರೊಳಗೆ ಸೇತುವೆಯ ಆಚೆಗಿನ ಗೋದಾಮಿನಲ್ಲಿ ರಾತ್ರಿ ಕಾವಲು ಕೆಲಸ ಹುಡುಕಿಕೊಂಡರು.

ಅಲ್ಲಿಂದ ಇವರದು ಸೂರ್ಯಚಂದ್ರರ ಸಂಸಾರ. ಗಂಡ ಬರುವಾಗ ಅಕ್ಕ ಕೆಲಸದಲ್ಲಿ, ಅಕ್ಕ ಮನೆ ಸೇರುವಾಗ ಗಂಡ ನಿದ್ದೆಯಲ್ಲಿ, ಸಂಜೆ ಅಕ್ಕ ಗಾಡಿ ತಳ್ಳಿದ ಮೇಲೆ ಗಂಡ ಡ್ಯೂಟಿಗೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರೆ. ಇವರು ಒಟ್ಟಿಗೆ ಉಂಡು ಮಲಗಿದರೆ ತಾನೇ! ಅದೂ ಅಲ್ಲದೆ, ಜಗಳವೇ ಆಗಿಲ್ಲವಲ್ಲ. ಅಕ್ಕನನ್ನು ಕೊರೆಯುವುದೂ ಅದೇ.

"ಕೋಪ ಮಾಡ್ಕೊಂಡಿದ್ರೆ ಚೆನ್ನಾಗಿತ್ತು. ನಾನೂ ಎರಡು ಮಾತು ಬೈದು, ಆಮೇಲೆ ಸರಿ ಮಾಡ್ಕೋತಿದ್ದೆ. ನಗ್ತಾ ನಗ್ತಾ ಹೋದವ್ರನ್ನ ಹೇಗೆ ವಾಪಸ್ ಕರೀಲಿ?" ಕೆಂಡದ ಕಡೆಗೇ ನೋಡುತ್ತ ಹೇಳುತ್ತಾರೆ. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಬೆನ್ನು ಹೋದ ಮನುಷ್ಯ. ಅವ್ರಿಗೆ ಅಂತ ಉಳಿದಿದ್ದೇ ಆ ಒಂದು ಕೆಲ್ಸ. ಅದ್ರಲ್ಲೂ ನೀವು ಬೇಡ ಅಂದ್ಬಿಟ್ನಲ್ಲ ನಾನು."

ಕೇಳುತ್ತ ನಿಂತ ನಾನು ಇನ್ನೊಂದು ತೆನೆ ಕೊಡಿ ಎನ್ನುತ್ತೇನೆ. ಸುಟ್ಟು ಕೊಡುತ್ತ ಅಕ್ಕ, ಯಾರಿಗೂ ಹೇಳದ ಒಂದು ಸಂಗತಿ ಹೇಳುತ್ತಾರೆ.

"ಅವ್ರು ಬೀಸೋದ್ರಲ್ಲಿ ಒಂದು ಪದ್ಧತಿ ಇತ್ತು. ಎರಡು ಸಲ ಕೆಂಡಕ್ಕೆ, ಮೂರನೇ ಸಲ ಕೈ ಹೀಗೆ ಮೇಲೆತ್ತಿ ನನ್ನ ಕಡೆಗೆ. ಮತ್ತೆ ಎರಡು ಕೆಂಡಕ್ಕೆ, ಒಂದು ನನಗೆ. ಗಿರಾಕಿಗಳಿಗೆ ಗೊತ್ತಾಗ್ತಿರ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ ನೋಡಿ, ಅಷ್ಟು ವರ್ಷ! ಫ್ಯಾನು ಕಟ್ಟಿದ ಮೇಲೆ, ಅಯ್ಯೋ ಇದೇನು ಈ ವರ್ಷ ಇಷ್ಟು ಸೆಖೆ ಅಂತಿದ್ದೆ. ಸೆಖೆ ಅಲ್ಲ, ಅವ್ರಿಲ್ಲ."

ಹೇಳಿಬಿಡಬಾರದೇ ಇದನ್ನು ಅವರಿಗೇ? ನಾನು ಕೇಳುತ್ತೇನೆ. ಅಕ್ಕ ನನ್ನನ್ನು ಮದುವೆಯಾಗದ ಹುಡುಗನನ್ನು ನೋಡುವಂತೆ ನೋಡುತ್ತಾರೆ. ಹೇಳಲು ಹೋಗಿದ್ದಾರಂತೆ. ಅವರ ವಾರದ ರಜೆಯ ದಿನ, ಇವತ್ತು ಹೇಳಿಯೇ ತೀರುತ್ತೇನೆ ಅಂತ ಒಳಗೆ ಬಂದರೆ, ಆ ಮನುಷ್ಯ ನೆಲದ ಮೇಲೆ ಪೇಪರ್ ಹಾಸಿ, ಫ್ಯಾನು ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ರೆಕ್ಕೆಯ ಸಂದಿಯ ಬೂದಿ ತೆಗೆಯುತ್ತ ಕೂತಿದ್ದರು. "ಇನ್ನೆರಡು ವರ್ಷಕ್ಕೆ ಮೋಸ ಇಲ್ಲ ಕಣೇ" ಅಂದರಂತೆ. ಅಕ್ಕನ ಬಾಯಿಗೆ ಬಂದ ಮಾತು ಹಾಗೇ ಒಳಗೆ ಹೋಯಿತು.

ಅದೇ ಸಂಜೆ ನಾನು ಸೇತುವೆ ದಾಟಿ ಗೋದಾಮಿಗೆ ಹೋಗುತ್ತೇನೆ. ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ಕುರ್ಚಿ, ಮೇಜು, ಟಾರ್ಚು, ಮೇಲೆ ಕಿರುಗುಟ್ಟುವ ಸೀಲಿಂಗ್ ಫ್ಯಾನು. ಬೆನ್ನಿಗೆ ಮಡಚಿದ ಗೋಣಿಚೀಲ ಕೊಟ್ಟುಕೊಂಡು ಅಕ್ಕನ ಗಂಡ ಕೂತಿದ್ದಾರೆ. ಪತ್ರಿಕೆಯವನೆಂದಾಗ ಎದ್ದು ನಿಲ್ಲಲು ಹೋಗುತ್ತಾರೆ, ಕೂರಿಸಲು ನಾನು ಸಾಕಷ್ಟು ಒತ್ತಾಯ ಮಾಡಬೇಕಾಗುತ್ತದೆ.

"ನನ್ನ ಬಗ್ಗೆ ಏನಿದೆ ಸಾರ್ ಬರಿಯೋಕೆ? ಅವಳ ಬಗ್ಗೆ ಬರೀರಿ. ಆ ಬೆಂಕಿ ಮುಂದೆ ಒಬ್ಬಳೇ ನಿಲ್ತಾಳೆ," ಎನ್ನುತ್ತಾರೆ. ಫ್ಯಾನಿನ ಮಾತೆತ್ತಿದರೆ ಮುಖ ಅರಳುತ್ತದೆ. "ದುಬಾರಿ ನಿಜ, ಆದ್ರೆ ನೋಡಿ, ಮೂರು ಬೇಸಿಗೆ ಆಯ್ತು. ಪ್ಲಾಸ್ಟಿಕ್ಕಿಂದು ಆಗಿದ್ರೆ ವಾರಕ್ಕೇ ಕರಗ್ತಿತ್ತು. ನಾನು ಎದ್ದ ತಕ್ಷಣ ಮೊದ್ಲು ಅದನ್ನ ಚಾರ್ಜಿಗೆ ಹಾಕೋದು."

ವಾಪಸ್ ಗಾಡಿಗೆ ಹೋಗಬೇಕು ಅನ್ನಿಸುವುದಿಲ್ಲವೇ ಎಂದು ಮೆಲ್ಲಗೆ ಕೇಳುತ್ತೇನೆ. ಅವರು ನಗುತ್ತಾರೆ.

"ಹೋಗಿ ಏನು ಮಾಡ್ಲಿ ಸಾರ್? ಅಡ್ಡ ನಿಂತ್ಕೋಬೇಕಷ್ಟೆ. ನನಗಿಂತ ಅದೇ ಚೆನ್ನಾಗಿ ಬೀಸುತ್ತಂತೆ. ಅವಳೇ ಹೇಳಿದ್ದು." ತಲೆ ಎತ್ತಿ ತಿರುಗುವ ಫ್ಯಾನು ನೋಡುತ್ತಾರೆ. "ಇಲ್ಲಿ ಈ ಗಾಳಿ ಕೆಳಗೆ ಕೂತ್ಕೊಳ್ಳೋವಾಗ ಮಾತ್ರ ಒಂಥರಾ ಆಗುತ್ತೆ. ಅವಳು ಅಲ್ಲಿ ಬೇಯ್ತಿರ್ತಾಳಲ್ಲ."

ಅಲ್ಲಿಯೇ ಹೇಳಿಬಿಡಬಹುದಿತ್ತು ನಾನು. ನಾಲಗೆ ತುದಿಗೇ ಬಂದಿತ್ತು. ಆದರೆ ಅದು ನನ್ನ ಮಾತಲ್ಲ, ಅಕ್ಕನ ಮಾತು. ಕೇಳದೆ ಆಡಿದರೆ ತಪ್ಪಾಗುತ್ತದೆಂದು ನುಂಗಿಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಮೇಲೇ ನನಗೆ ಸಿಟ್ಟು.

ಸಂಪಾದಕರಿಗೆ ನಾನು ಒಪ್ಪಿಸಬೇಕಾದ ಉತ್ತರ ಇನ್ನೂ ಬಾಕಿಯಿದೆ: ದುಬಾರಿ ಫ್ಯಾನು ಕೊಳ್ಳಬಹುದೇ? ನೆರಳಿನಲ್ಲಿ ಕೂರುವವರು, ಒಂದು ಕೈ ಖಾಲಿ ಇರುವವರು ಧಾರಾಳವಾಗಿ ಕೊಳ್ಳಿ. ಗಟ್ಟಿ ಇದೆ, ಬಾಳಿಕೆ ಬರುತ್ತದೆ, ಅಕ್ಕನ ಒಲೆಯೇ ಸಾಕ್ಷಿ. ನಿಜವಾಗಿ ಬೇಯುವವರಿಗೆ ಮಾತ್ರ ಅದನ್ನು ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ, ಬೇರೆ ಯಾರಾದರೂ ಹಿಡಿಯಬೇಕು.

ಮರುದಿನ ಅಕ್ಕನ ಮುಂದೆ ಬರೆದದ್ದನ್ನೆಲ್ಲ ಓದಿ ಹೇಳುತ್ತೇನೆ. ಕೊನೆಗೆ ವಾಡಿಕೆಯಂತೆ ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಹೊಸ ಗಾಡಿ, ಒಳ್ಳೆಯ ಚಾವಣಿ, ಏನಾದರೂ ಹೇಳಿಯಾರೆಂದು ಕಾಯುತ್ತೇನೆ. ಅಕ್ಕ ಗಿರಾಕಿಯೊಬ್ಬರಿಗೆ ಚಿಲ್ಲರೆ ಎಣಿಸಿ ಕೊಟ್ಟು, ಕೈ ಒರೆಸಿಕೊಂಡು, ನನ್ನ ಹತ್ತಿರ ಬರುತ್ತಾರೆ.

"ಇದು ಭಾನುವಾರ ಬರುತ್ತೆ ಅಂದ್ರಲ್ಲ? ಡ್ಯೂಟಿ ಮುಗಿಯೋ ಮುಂಚೆ ಅವ್ರ ಗೇಟಿಗೆ ಪೇಪರ್ ಬೀಳುತ್ತೆ. ಜಾಹೀರಾತೂ ಬಿಡದೆ ಓದ್ತಾರೆ. ಓದ್ಕೊಂಡು ನೇರ ಇಲ್ಲಿಗೇ ಬರೋದು." ದನಿ ತಗ್ಗಿಸುತ್ತಾರೆ. "ಒಂದು ಮಾತು ಸೇರ್ಸಿ. ಮಿಷನ್ ಗಾಳಿ ಕೆಂಡಕ್ಕೆ ಸಾಕಂತೆ, ಅವಳಿಗೆ ಸಾಲ್ದಂತೆ. ಹಾಗೆ ಬರೀರಿ."

"ಅಷ್ಟೇನಾ ಅಕ್ಕಾ?"

"ಅಷ್ಟೇ. ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕ್ಸಿ. ಕನ್ನಡಕ ಮನೇಲೇ ಮರೆತು ಹೋಗ್ತಾರೆ."