ಟ್ರಂಕಿನಲ್ಲೇ ಉಳಿದ ಬೂಟು

“ನಮ್ಮ ವಂಸದಾಗೆ ಬಿ.ಎ. ಅನ್ನೋದು ಆಗದ ಮಾತು. ಓದಿದೋನು ಬೂಟು ಹಾಕ್ಕಂಡು ಬಂದು ಹೆತ್ತೋರ್ನೇ ಯಾರು ಅಂತಾನೆ” ಅಂದವರು ನಮ್ಮ ತಾತ. ಅಪ್ಪನಿಲ್ಲದ ನನ್ನನ್ನು ಸಾಕಿದವರು ಅವರೇ. ಅವರ ಮಾತು ದಾಟಿ ತುಮಕೂರಿನ ಕಾಲೇಜಿಗೆ ಹೋಗುವ ಹಾಗಿರಲಿಲ್ಲ.

ಮೊನ್ನೆ ಮೊಮ್ಮಗ ಜಗಲಿಯಲ್ಲಿ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿರಾದ ಸೀನರಿ ಸಾಬರು ನೆನಪಾದರು...

ಐವತ್ತರ ದಶಕದ ಕೊನೆಯ ಮಾತು. ಮಧುಗಿರಿ ಕಡೆಯ ಹಳ್ಳಿಗಳಲ್ಲಿ ಯಾರೇ ನಾಟಕ ಆಡಲಿ, ಪರದೆ, ಕಿರೀಟ, ಕತ್ತಿ ಎಲ್ಲ ಬಾಡಿಗೆಗೆ ಬರುತ್ತಿದ್ದದ್ದು ಸಾಬರ ಟ್ರಂಕಿನಿಂದ. ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ನಮ್ಮೂರ ಹುಡುಗರು ರಾಜರಾಣಿ ಕಥೆ ಬಿಟ್ಟು ಸಾಮಾಜಿಕ ನಾಟಕಕ್ಕೆ ಕೈ ಹಾಕಿದರು. ಅದರಲ್ಲಿ ನನ್ನದು ಬಿ.ಎ. ಮುಗಿಸಿ ಊರಿಗೆ ಬರುವ ಮಗನ ಪಾರ್ಟು. ನಮ್ಮೂರಲ್ಲಿ ಬಿ.ಎ. ಆದವರನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಕೋಟು, ಟೈ, ಕಪ್ಪು ಕನ್ನಡಕ, ಬೂಟು ಇರಲೇಬೇಕೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು.

ನಾಟಕದ ದಿನ ಮಧ್ಯಾಹ್ನ ಸಾಬರು ನಮ್ಮ ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಾ ಕೂತಿದ್ದಾಗ ತಾತ ಅದೇ ಬೂಟಿನ ಮಾತು ಅವರ ಮುಂದೆಯೂ ಆಡಿದರು. ಸಾಬರು ಗಡ್ಡಕ್ಕಂಟಿದ ಮಜ್ಜಿಗೆ ಒರೆಸಿಕೊಂಡು ಎದ್ದು ಹೋದರು.

ಸಂಜೆ ವೇಷ ಕಟ್ಟುವಾಗ, “ಅರೆ, ಕೋಟು ಬೂಟು ಸಿರಾದಲ್ಲೇ ಮರ್ತು ಬಂದೆನಲ್ಲ!” ಅಂತ ಹಣೆ ಚಚ್ಚಿಕೊಂಡರು.

“ಇನ್ನೇನು ದನ ಕಾಯೋನಂಗೆ ಹೋಗ್ಲಾ ಸಾಬ್ರೆ?” ಅಂತ ನಾನು ರೇಗಿದೆ.

“ಹೋಗು ಬೇಟಾ. ಓದಕ್ಕೆ ಹೋಗೋ ಮುಂಚೆ ಅವ್ನು ಅದೇ ತಾನೆ ಮಾಡ್ತಿದ್ದಿದ್ದು?”

ನನ್ನದೇ ಅಂಗಿ ಉಳಿಯಿತು. ಅದರ ಜೇಬಿಗೆ ಸಾಬರು ಪೆನ್ನು ಸೋರಿದ ಹಾಗೆ ಮಸಿ ಬಳಿದರು. ಅರಮನೆ ಪರದೆಯನ್ನು ಹಿಂದುಮುಂದಾಗಿ ಕಟ್ಟಿಸಿದರು. ಬರೀ ಗೋಣಿ ಬಣ್ಣದ ಆ ಬೆನ್ನೇ ನಮ್ಮ ಮನೆ ಗೋಡೆಯಾಯಿತು. ಬಾಗಿಲಲ್ಲಿ ಒಂದು ಚೊಂಬು ನೀರು ಇಟ್ಟು, “ಚಪ್ಪಲಿ ಹೊರಗೆ ಬಿಡು, ಕಾಲು ತೊಳಿ, ಆಮೇಲೆ ಒಳಗೆ ಬಾ” ಅಂದರು. ಹಳೇ ಹ್ಯಾಂಡ್‌ಬಿಲ್ಲನ್ನು ಸುರುಳಿ ಸುತ್ತಿ ಸರ್ಟಿಫಿಕೇಟು ಮಾಡಿಕೊಟ್ಟರು. ತಂದೆ ಪಾರ್ಟಿನವನಿಗೆ ಉದ್ದದ ಮಾತಿತ್ತು, ಅದನ್ನು ತೆಗೆಸಿದರು. “ಅವ್ನಿಗೆ ಅಕ್ಷರ ಬರಲ್ಲ. ಕಾಗದ ಮುಟ್ಟೋ ಮುಂಚೆ ಪಂಚೆಗೆ ಕೈ ಒರೆಸ್ಕೋಬೇಕು. ಅಷ್ಟೇ ಸಾಕು.”

ನಾನು ಕಾಲು ತೊಳೆದು ಒಳಗೆ ಬಂದಾಗ ಗಲಾಟೆ ಮಾಡುತ್ತಿದ್ದ ಜನ ಸುಮ್ಮನಾದರು. ಮುಂದಿನ ಚಾಪೆಯಲ್ಲಿ ತಾತ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಬೆಳಿಗ್ಗೆ ದನದ ಕೊಟ್ಟಿಗೆಯಲ್ಲಿ, ನನ್ನ ಮುಖ ನೋಡದೆ ಕೇಳಿದರು: “ಲೇ, ತುಮಕೂರು ಬಸ್ಸು ಎಷ್ಟೊತ್ತಿಗಲಾ?”

ಅದನ್ನು ಹೇಳಲು ಸಾಬರ ಬಳಿಗೆ ಓಡಿದೆ. ಅವರು ಸಾಮಾನು ತುಂಬುತ್ತಿದ್ದರು. ಟ್ರಂಕಿನ ತಳದಲ್ಲಿ, ಕಿರೀಟದ ಕೆಳಗೆ, ಪಾಲಿಶ್ ಹೊಡೆದ ಬೂಟುಗಳು ಫಳಫಳ ಅನ್ನುತ್ತಿದ್ದವು!

“ಮರ್ತು ಬಂದೆ ಅಂದ್ರಲ್ಲ ಸಾಬ್ರೆ?”

“ಬೂಟು ಹಾಕಿದ್ರೆ ನಿಮ್ಮ ತಾತ ಬೂಟು ನೋಡ್ತಿದ್ರು. ನಿನ್ನ ನೋಡ್ತಿರ್ಲಿಲ್ಲ” ಅಂತ ನಕ್ಕರು. ಟ್ರಂಕು ಮುಚ್ಚಿ, “ನಿಜವಾದ ಕಾಗದ ಬಂದಾಗ ಒಂದ್ಸಲ ತಂದು ತೋರ್ಸು. ಜಿಂದಗಿಯೆಲ್ಲ ನಕಲೀದೇ ಮಾಡಿ ಸಾಕಾಗೈತೆ” ಅಂದರು.

ಕಾಲೇಜು ಸುಲಭವಾಗಲಿಲ್ಲ. ಉಚಿತ ಹಾಸ್ಟೆಲಿನ ನೀರು ಸಾರು, ಒಂದು ಸಲ ಇಂಗ್ಲಿಷಿನಲ್ಲಿ ಫೇಲು... ಪಟ್ಟು ಬಿಡದೆ ಪಾಸಾದೆ. ಸರ್ಟಿಫಿಕೇಟು ಕೈಗೆ ಬಂದ ದಿನ ಊರಿಗಿಂತ ಮೊದಲು ಸಿರಾದಲ್ಲಿ ಇಳಿದೆ. ಸಾಬರ ಅಂಗಡಿಯಿದ್ದ ಜಾಗದಲ್ಲಿ ಬೇರೆ ಯಾರೋ ಸೈಕಲ್ ಪಂಕ್ಚರ್ ಹಾಕುತ್ತಿದ್ದ. “ಹೋದ ರಂಜಾನಿಗೇ ಹೋಗ್ಬುಟ್ರಲ್ಲ... ಸಾಮಾನೆಲ್ಲ ಪಾವಗಡದೋರು ಕೊಂಡ್ಕಂಡ್ರು” ಅಂದ ಅಲ್ಲಿದ್ದವನು.

ಈಗ ತಾತನೂ ಇಲ್ಲ. ಆ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ, ಹೆಮ್ಮೆಯಿಂದಲೇ. ಬಂದವರೆಲ್ಲ ನೋಡುತ್ತಾರೆ. ನೋಡಬೇಕಾಗಿದ್ದ ಸಾಬರು ಮಾತ್ರ ನೋಡಲಿಲ್ಲ.

ಅವತ್ತು ಸಿರಾದಿಂದ ಮನೆಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು, ಕಾಗದವನ್ನು ತಾತನ ಮುಂದೆ ಹಿಡಿದೆ. ತಾತ ಎರಡೂ ಕೈಯನ್ನು ಪಂಚೆಗೆ ಒರೆಸಿಕೊಂಡು ತೆಗೆದುಕೊಂಡರು. ತಿರುಗಿಸಿ ಮುರುಗಿಸಿ ನೋಡಿ ಕೇಳಿದರು:

“ಸಾಬ್ರಿಗೆ ತೋರಿಸ್ದೇನ್ಲಾ?”